ಕಾರಿದ ಸೀಟು

"ಏ ಮುದುಕಿ, ಲಗೂ ಬಾರಬೇ! ಮುಂದಿನ ಸೀಟಿನ್ಯಾಗ ಯಾವನೋ ಕಾರಿ ಹೋಗ್ಯಾನ. ಗಾಡಿ ಬಿಡೂ ಹೊತ್ತಾತು!"

ಕಂಡಕ್ಟರ್ ಸುಭಾಷ್ ಕೂಗಿದ್ದು ನಮ್ಮತ್ತೆ ದ್ಯಾವಮ್ಮನಿಗೆ. ನಾವಿಬ್ಬರೂ ಸಿದ್ದಾಪುರ ಪೇಟೆಯ ಗಟಾರ ಬಳಿಯುವವರು. ಸಿರ್ಸಿಯಿಂದ ಬರುವ ಈ ಖಾಸಗಿ ಟೆಂಪೋದಲ್ಲಿ ತಿರುವಿಗೊಬ್ಬರು ಕಾರುತ್ತಾರೆ, ಆ ವಾಂತಿ ತೊಳೆಯುವವರು ನಾವು. ಬದಲಿಗೆ ಸಂಜೆ ಅದು ಮರಳುವಾಗ ಹಿಂದಿನ ಬಾಗಿಲಲ್ಲಿ ನಿಂತುಕೊಂಡು ಕೋಲಸಿರ್ಸಿ ಆಚೆಯ ನಮ್ಮ ಕೇರಿಗೆ ಹೋಗಬಹುದು. ಕೂರುವಂತಿಲ್ಲ. ಕಾರಿದವರು ಕೂರಬಹುದು, ತೊಳೆದವರು ಕೂರಬಾರದು. ಥೂ, ಇದೊಂದು ನ್ಯಾಯ!

ಅತ್ತೆ ಸೀಟಿನ ಸಂದಿಗೆ ಬೆರಳು ಹಾಕಿ ಬಳಿದಳು. ಹುಳಿತ ಅನ್ನ, ಮೀನು, ಲೋಳೆ. ಬಳಿದದ್ದೆಲ್ಲ ನಾನು ಹಿಡಿದಿದ್ದ ಬಕೆಟ್ಟಿಗೆ. ಬೆಳಗಿನಿಂದ ಕೂಸಿಗೆ ಕುಡಿಸದೆ ಮೊಲೆ ಕಲ್ಲಾಗಿತ್ತು, ರವಿಕೆಯೆಲ್ಲ ಹಾಲು. ಮನೆಯಲ್ಲಿ ಭೂಮಿಕಾ ಅತ್ತು ಅತ್ತು ಸಾಯುತ್ತಿರುತ್ತಾಳೆ. ಈ ಗಾಡಿ ತಪ್ಪಿದರೆ ನಡೆದೇ ಹೋಗಬೇಕು.

ತೊಳೆದಾಯಿತು. ಜನ ಮೂಗು ಮುಚ್ಚಿಕೊಂಡು ಹತ್ತಿದರು. ಗಲೀಜು ನೀರಿನ ಬಕೆಟ್ ಹಿಡಿದೇ ನಾನು ಹಿಂದಿನ ಬಾಗಿಲಿಗೆ ಕಾಲಿಟ್ಟೆ. ಗಾಡಿಯ ಮಾಲೀಕ ಚಂದ್ರಶೇಖರಪ್ಪ ಅಡ್ಡ ನಿಂತ.

"ಇನ್ಮ್ಯಾಲೆ ಗಾಡಿ ನಿಮ್ಮ ಕೇರ್ಯಾಗ ನಿಲ್ಲಂಗಿಲ್ಲ. ಆಫೀಸಿನ ಮಂದೀಗೆ ಟೈಮ್ ವೇಸ್ಟ್ ಆಗ್ತೈತಿ. ಮ್ಯಾಲೆ ನಿಮ್ಮ ಗಬ್ಬು ವಾಸನಿ ಬ್ಯಾರೆ."

"ಒಡೆಯಾ, ಕೂಸು ಹಸ್ಕಂಡು ಅಳ್ತಾ ಅದೆ. ಇವತ್ತೊಂದಿನ ಬಿಡಿ."

"ನಿನ್ನ ಕೂಸಿಗೆ ಅಂತ ಗಾಡಿ ಓಡಸ್ಲೇನು? ಇಳಿ ಕೆಳಗ. ನಾಳೆ ತೊಳಿಯಾಕ ಮಾತ್ರ ತಪ್ಪಸಬ್ಯಾಡ್ರಿ."

ಒಳಗೆ ಯಾರೋ ನಕ್ಕರು. "ಲೇಟಾಗ್ತಿದೆ, ಬಿಡ್ರೀ" ಎಂದು ಇನ್ನೊಬ್ಬ ಗೊಣಗಿದ.

ಅತ್ತೆ ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡಳು. ಮುಂದಿನ ಬಾಗಿಲಿಂದ ಹತ್ತಿದವಳೇ ಸೀಟುಗಳ ಮೇಲೆ, ಮಡಿಲ ಬ್ಯಾಗುಗಳ ಮೇಲೆ ಇಡೀ ಬಕೆಟ್ ಸುರಿದಳು.

"ತಗಳ್ರೋ ಬೋಳೀಮಕ್ಳಾ! ನಿಮ್ಮ ಹೊಟ್ಟೇದು ನಿಮಗೇ ಇರ್ಲಿ!"

ಜನ ಬೈಯುತ್ತಾ, ಓಕರಿಸುತ್ತಾ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಸುಭಾಷ್ ಹೊಡೆಯಲು ಕೈ ಎತ್ತಿದ. ಅತ್ತೆ ಲೋಳೆ ಸೋರುವ ಕೈಯನ್ನು ಅವನ ಮುಖದತ್ತ ಚಾಚಿದಳು. ಅವನು ಮುಟ್ಟಲು ಹೇಸಿ ಹಿಂದೆ ಸರಿದ.

ನಾವು ನಡೆದೆವು. ಹಿಂದಿನಿಂದ ಚಂದ್ರಶೇಖರಪ್ಪನ ಕೂಗು ಕೇಳುತ್ತಲೇ ಇತ್ತು.

"ಏ ದ್ಯಾವಮ್ಮಾ, ತೊಳದು ಹೋಗಬೇ! ಹತ್ತಿಸ್ಕೊಂತೀನಿ, ಬಾ!"

ಅತ್ತೆ ತಿರುಗಿ ನೋಡದೆ ರಸ್ತೆ ಬದಿಗೆ ಉಗಿದಳು. ನನ್ನ ರವಿಕೆಯ ಹಾಲು ಸೀರೆಗೂ ಇಳಿಯುತ್ತಿತ್ತು. ಕೋಲಸಿರ್ಸಿ ದಾಟಿ ಕೇರಿ ಮುಟ್ಟುವವರೆಗೂ ಆ ಗಾಡಿ ನಮ್ಮನ್ನು ಹಿಂದೆ ಹಾಕಲಿಲ್ಲ.