ಟ್ರಯಲ್ ನೋಡದ ಗಾಡಿ

ದೇವರು ಒಬ್ಬರ ಅಳತೆಯಲ್ಲಿ ಇನ್ನೊಬ್ಬರನ್ನು ಹೊಲಿದಿಲ್ಲ ಎಂದು ನಂಬಿದ್ದ ಟೈಲರ್ ಮಾಸ್ತರರೊಬ್ಬರಿದ್ದರು. ಎಂಥ ಅವಸರದ ಬಟ್ಟೆಯಾದರೂ ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯ ಮೈಮೇಲಿಟ್ಟು ಟ್ರಯಲ್ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದ ಮೇಲೆಯೇ ಅವರು ಮಷೀನಿನ ಮುಂದೆ ಕೂರುತ್ತಿದ್ದುದು. "ಎರಡು ಬೆರಳು ಹೆಚ್ಚುಕಮ್ಮಿ ಆದ್ರೆ ಅದು ಕೋಟಲ್ಲ, ಗೋಣಿಚೀಲ" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಬೀದಿಯವರ ಬಾಯಲ್ಲಿ ಎರಡ್ಬೆರಳು ಮಾಸ್ತರು ಎಂದೇ ಹೆಸರಾಗಿದ್ದರು. ಕಂಕುಳು ಬಿಗಿಯುತ್ತಿದ್ದರೂ ಗುಂಡಿಯ ಹೊಳಪು ನೋಡಿ ಹಿಗ್ಗುವ ಗಿರಾಕಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ಇಂಥವರು ಗಾಡಿ ಕೊಳ್ಳಲು ಹೊರಟರು.

ಕಾರಣ ಹೆಂಡತಿಯ ಬಲಮಂಡಿ. ಅದು ಮಡಚುವುದನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಬಸ್ಸಿನ ಮೆಟ್ಟಿಲು ಬೆಟ್ಟವಾಗಿತ್ತು, ಬಾಡಿಗೆ ಕಾರಿನ ಸೀಟು ಬಾವಿಯಾಗಿತ್ತು. ಊರಿನ ಆ ತುದಿಯಲ್ಲಿ ಆಕೆಯ ದೊಡ್ಡಕ್ಕ ಹಾಸಿಗೆ ಹಿಡಿದಿದ್ದಳು. "ಈ ವಾರ ಬಂದೇ ಬರ್ತೀನಕ್ಕ" ಎಂದು ದಿನಾ ಫೋನಿನಲ್ಲಿ ಸುಳ್ಳು ಹೇಳುವುದು, ಆಮೇಲೆ ಆ ಸುಳ್ಳನ್ನು ದೇವರ ಮುಂದೆ ಒಪ್ಪಿಕೊಳ್ಳುವುದು, ಇದೇ ಆಕೆಗೆ ನಿತ್ಯದ ಕೆಲಸವಾಗಿತ್ತು. ಫೋನಿನ ಆ ಕಡೆಯ ದನಿಯೋ ವಾರದಿಂದ ವಾರಕ್ಕೆ ಸಣ್ಣದಾಗುತ್ತಿತ್ತು.

ಮಂಡಿ ನೋಡುತ್ತಿದ್ದ ಡಾಕ್ಟರಮ್ಮ ಹೇಳಿದ್ದರು. "ತಗ್ಗಿನ ಕಾರೂ ಬೇಡ, ಏಣಿ ಹಾಕಿ ಹತ್ತೋ ಜೀಪೂ ಬೇಡ. ನಡುವಿನದು ಬರುತ್ತಲ್ಲ, ಕ್ರಾಸ್‌ಓವರ್ ಅಂತಾರೆ, ಅದರಲ್ಲಿ ಚಿಕ್ಕದು ನೋಡಿ. ಇವರು ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಕಾಲು ಒಳಗೆ ತಗೋಬೇಕು."

ಇಷ್ಟು ಸಾಕಿತ್ತು. ಆದರೆ ಮಾಸ್ತರಿಗೆ ಒಬ್ಬ ಭಾವಮೈದನೂ ಇದ್ದ, ಹೆಂಡತಿಯ ತಮ್ಮ. ಗಾಡಿಗಳ ವೀಡಿಯೊ ನೋಡಿ ನೋಡಿಯೇ ಪಂಡಿತನಾದವನು. ಅವನ ಗಾಡಿಗೆ ನಾಲ್ಕು ದಿಕ್ಕಿಗೂ ಕ್ಯಾಮೆರಾ. ಅಷ್ಟು ಕಣ್ಣಿದ್ದ ಆ ಗಾಡಿಗೆ ದೊಡ್ಡಕ್ಕನ ಮನೆಯ ದಿಕ್ಕು ಮಾತ್ರ ಈವರೆಗೆ ಕಂಡಿರಲಿಲ್ಲ. ದೇವರ ಸಹನೆ ದೊಡ್ಡದು, ಅಂಥವರಿಗೂ ಲೈಸೆನ್ಸ್ ಕೊಡಿಸುತ್ತಾನೆ.

"ನೀನ್ಯಾಕೆ ಕಾಲು ಎಳ್ಕೊಂಡು ಬರ್ತೀಯ, ಕೊನೆಗೆ ಬಣ್ಣ ನೀನೇ ಆರಿಸುವೆಯಂತೆ" ಎಂದು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಮಾಸ್ತರು ಭಾವಮೈದನ ಜೊತೆ ಶೋರೂಮಿಗೆ ಹೋದರು.

ಅಲ್ಲಿ ಎದುರಾದ ಮಾರಾಟದವನ ಕೋಟಿನ ತೋಳು ಅರ್ಧ ಅಂಗೈ ಮುಚ್ಚಿತ್ತು. ಮಾಸ್ತರ ಕಣ್ಣು ಮೊದಲು ಬಿದ್ದದ್ದು ಅಲ್ಲಿಗೇ.

ಆಮೇಲೆ ಒಂದು ಚಿಕ್ಕ ಕ್ರಾಸ್‌ಓವರ್ ಮೇಲೆ ಕೈಯಿಟ್ಟು "ಇದರಲ್ಲಿ ಬೇಸ್, ಅಂದ್ರೆ ಎಲ್ಲಕ್ಕಿಂತ ಅಗ್ಗದ್ದು, ಯಾವುದು?" ಎಂದು ಕೇಳಿದರು.

"ಆ ಪದ ನಾವು ಬಾಯಲ್ಲೂ ಅನ್ನೋದಿಲ್ಲ ಸಾರ್. ಅದು 'ಆರಂಭ'. ನಡುವಿನದು 'ಆನಂದ'. ತಾವು ಕೈಯಿಟ್ಟಿರೋದು ಟಾಪ್, 'ಆಕಾಶ'."

"ಬೇಸ್ ತಗೊಳ್ಳೋರು ಯಾರು ಭಾವ, ಕೊರಿಯರ್‌ನವರು" ಎಂದ ಭಾವಮೈದ.

'ಆಕಾಶ'ದ ತಲೆಮೇಲಿನ ಮಾಡು ಗಾಜಿನದು. ದೊಡ್ಡ ಚಕ್ರ, ಒಳಗೆ ಬಣ್ಣ ಬದಲಿಸುವ ದೀಪ. ಭಾವಮೈದ ಮುಂದಿನ ಸೀಟಿಗೆ ಜಿಗಿದು ಕೂತು "ಮಾಡು ತೆಗಿ" ಎಂದ, ತೆರೆಯಿತು. "ಮುಚ್ಚು" ಎಂದ, ಮುಚ್ಚಿತು.

"ನೋಡಿದ್ರಾ ಭಾವ, ಹೇಳಿದ ಮಾತು ಕೇಳುತ್ತೆ!"

ಮನೆಯಲ್ಲಿ ಯಾರೂ ಮಾತು ಕೇಳದ ಮಾಸ್ತರಿಗೆ ಅಷ್ಟೇ ಸಾಕಾಯಿತು. ಜೇಬಿನಲ್ಲಿದ್ದ ಟೇಪು ಜೇಬಿನಲ್ಲೇ ಉಳಿಯಿತು. 'ಆಕಾಶ' ಬುಕ್ ಆಯಿತು.

ಎರಡು ದಿನ ಕಳೆದು ಹೆಂಡತಿ, ಗಂಡ ಮತ್ತು ತಮ್ಮನ ಜೊತೆ, ಬಣ್ಣ ಆರಿಸಲು ಬಂದಳು. ಕೋಲೂರಿ ಗಾಡಿಯನ್ನೊಮ್ಮೆ ಸುತ್ತಿದಳು. ಬಣ್ಣದ ಪಟ್ಟಿ ಹಿಡಿದು ನಿಂತ ಮಾರಾಟದವನಿಗೆ "ಅದಿರಲಿ, ಬಾಗಿಲು ತೆಗಿಯಪ್ಪ" ಎಂದಳು.

ಬೆನ್ನು ತಿರುಗಿಸಿ ನಿಂತಳು. ಸೀಟಿನ ಅಂಚು ಕೂರುವಷ್ಟಕ್ಕಿಂತ ಮೇಲಿತ್ತು. ಗಟ್ಟಿಯಿದ್ದ ಎಡಗಾಲಿನ ತುದಿಬೆರಳ ಮೇಲೆ ನಿಂತು ಮತ್ತೆ ನೋಡಿದಳು. ಈ ಸಲ ಗಾಜಿನ ಮಾಡಿನ ಚೌಕಟ್ಟು ತಲೆಗೆ ಬಡಿಯಿತು.

"ಸ್ವಲ್ಪ ಹಾರಿದ ಹಾಗೆ ಕೂತ್ರೆ ಮೇಡಂ..." ಎಂದ ಮಾರಾಟದವನು.

"ಹಾರೋ ಹಾಗಿದ್ರೆ ಬಸ್ಸಿಗೇ ಹಾರ್ತಿದ್ದೆ."

"ಅಭ್ಯಾಸ ಆಗುತ್ತೆ ಬಿಡಕ್ಕ. ಒಂದು ಸ್ಟೂಲು ಇಟ್ಕೊಂಡ್ರಾಯ್ತು" ಎಂದ ತಮ್ಮ.

"ಯಾವ ಸ್ಟೂಲೋ, ಬೇಸೋ ಟಾಪೋ?" ಎಂದವಳು ಗಂಡನತ್ತ ಕೈ ಚಾಚಿದಳು. "ರೀ, ಸುಣ್ಣ ಕೊಡಿ."

ಮಾಸ್ತರು ಯೋಚಿಸದೆ ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದುಕೊಟ್ಟರು. ಆಕೆ ಫಳಫಳ ಹೊಳೆಯುವ ಬಾಗಿಲ ಚೌಕಟ್ಟಿನ ಮೇಲೆ, ತನ್ನ ಸೊಂಟಕ್ಕೆ ಒಪ್ಪುವ ಎತ್ತರದಲ್ಲಿ, ಉದ್ದಕ್ಕೆ ಒಂದು ಗೆರೆ ಎಳೆದಳು. ಮಾರಾಟದವನು ತನ್ನ ಮೈಮೇಲೇ ಗೀರಿದಂತೆ ಉಸಿರೆಳೆದ.

"ಎರಡು ಬೆರಳು ಇಳಿಸಿಕೊಡಿ ಮಾಸ್ತರೇ. ಆಲ್ಟರೇಶನ್ನಿಗೆ ಎಷ್ಟು ದಿನ ಬೇಕು?"

ಮಾಸ್ತರು ಸುಣ್ಣಕ್ಕೆ ಕೈ ಚಾಚಿದರು. ಆಕೆ ಕೊಡಲಿಲ್ಲ.

"ಗಿರಾಕಿ ನಾನು. ಟ್ರಯಲ್ ನೋಡಿದ್ದು ಯಾರ ಮೈಮೇಲೆ?"

ಮಾಸ್ತರು ಮೊದಲು ಗೆರೆ ನೋಡಿದರು, ಆಮೇಲೆ ಮೊನ್ನೆ ಆ ಮುಂದಿನ ಸೀಟಿಗೆ ಅಚ್ಚುಕಟ್ಟಾಗಿ ಹೊಂದಿದ್ದ ಭಾವಮೈದನನ್ನು ನೋಡಿದರು. ಮೂವತ್ತು ವರ್ಷ ತಾವು ಬೈದ ಗಿರಾಕಿಗಳೆಲ್ಲ ಆ ಗಾಜಿನ ಮಾಡಿನಿಂದ ಇಣುಕಿ ನಕ್ಕಂತಾಯಿತು. ಆಗ ಟೇಪು ಹೊರಬಂತು, ನೆಲದಿಂದ 'ಆಕಾಶ'ದ ಸೀಟಿನ ಎತ್ತರ ಅಳೆಯಿತು.

"ಆ 'ಆರಂಭ' ಎಲ್ಲಿಟ್ಟಿದ್ದೀರಿ?"

ಮನೆತನದ ಮಾನ ಕಳೆದವನ ಸುದ್ದಿ ಎತ್ತಿದಂತೆ ಮಾರಾಟದವನು ದನಿ ತಗ್ಗಿಸಿ "ಹಿತ್ತಲಲ್ಲಿದೆ ಸಾರ್" ಎಂದ.

ನೀರಿನ ಟ್ಯಾಂಕಿನ ಪಕ್ಕ ಧೂಳು ಹೊದ್ದು ನಿಂತಿತ್ತು ಅದು. ಬೂದು ಬಣ್ಣ, ಸಣ್ಣ ಚಕ್ರ, ತಗಡಿನ ಮಾಡು. ಮಾಸ್ತರು ಮಂಡಿಯೂರಿ ನೆಲದಿಂದ ಸೀಟಿಗೆ ಟೇಪು ಹಿಡಿದರು. 'ಆಕಾಶ'ಕ್ಕಿಂತ ಸರಿಯಾಗಿ ಎರಡು ಬೆರಳು ಕಮ್ಮಿ.

ಹೆಂಡತಿ ಬೆನ್ನು ತಿರುಗಿಸಿದಳು, ಕೂತಳು. ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು, ಬಾಗಿಲು ಎಳೆದುಕೊಂಡಳು. ಎಂಟು ತಿಂಗಳಲ್ಲಿ ಮೊದಲ ಸಲ ಯಾರೂ ಆಕೆಯ ರಟ್ಟೆ ಹಿಡಿದಿರಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಕೆ ಯಾರಿಗೆ ಏನು ಹೇಳಿಕೊಂಡಳೋ, ಅದು ಆಕೆಗೂ ದೇವರಿಗೂ ಬಿಟ್ಟದ್ದು.

"ನಡೀರಿ, ಅಕ್ಕನ ಮನೆಗೆ."

"ಇದಕ್ಕೆ ಟೆಸ್ಟ್ ಡ್ರೈವ್ ಯಾರೂ ಕೇಳೋದೇ ಇಲ್ಲ ಮೇಡಂ..."

"ನಾನು ಕೇಳ್ತಿದೀನಲ್ಲ."

"ಕೀ ಕೊಡಪ್ಪ, ನೀನೂ ಹತ್ತು" ಎಂದರು ಮಾಸ್ತರು. "ಸಾಯಂಕಾಲ ಅಂಗಡಿಗೆ ಬಾ, ನಿನ್ನ ತೋಳು ಎರಡು ಬೆರಳು ಕತ್ತರಿಸಿಕೊಡ್ತೀನಿ. ಕೋಟಿನದು, ಹೆದರಬೇಡ."

ಗಾಡಿ ಹಿಂದಕ್ಕೆ ಬರಬೇಕಿತ್ತು. ಭಾವಮೈದ ಅಭ್ಯಾಸಬಲದಿಂದ ಪರದೆ ಹುಡುಕಿದ. "ಕ್ಯಾಮೆರಾನೇ ಇಲ್ಲವಲ್ಲ ಅಕ್ಕ!"

"ನೀನಿದೀಯಲ್ಲ. ಇಳಿದು ಹಿಂದೆ ನಿಂತ್ಕೋ."

ಪಂಡಿತ ಧೂಳಿನಲ್ಲಿ ನಿಂತು "ಬನ್ನಿ ಭಾವ, ಬನ್ನಿ, ಸಾಕು" ಎಂದು ಕೈ ಬೀಸಿದ. ಆಮೇಲೆ ಬೆವರೊರೆಸಿಕೊಂಡು ಹಿಂದಿನ ಸೀಟು ಸೇರಿದ.

ಗೇಟು ದಾಟಿ ಮೊದಲ ಕೂಡುರಸ್ತೆ ಬಂದಾಗ ಮಾಸ್ತರು ಗಾಡಿ ನಿಧಾನಿಸಿದರು. "ಎಡಕ್ಕೋ ಬಲಕ್ಕೋ? ನಿಮ್ಮಕ್ಕನ ಮನೆ ತಾನೇ, ಹೇಳಪ್ಪ."

ಭಾವಮೈದ ತಲೆ ತಗ್ಗಿಸಿ ಫೋನಿನಲ್ಲಿ ವಿಳಾಸ ತಡಕಾಡುತ್ತಿದ್ದ. ಅಷ್ಟರಲ್ಲಿ ಮುಂದಿನ ಸೀಟಿನವಳು ಹಿಡಿ ತಿರುವಿ ಗಾಜು ಇಳಿಸಿ, ತೋಳು ಪೂರ್ತಿ ಹೊರಚಾಚಿ ದಾರಿ ತೋರಿಸಿಯಾಗಿತ್ತು.