ಲೆಕ್ಕಕ್ಕೆ ಸಿಗದ ಬಡಾವಣೆ

ನಗರದಾಚೆಯ ಆ ಬಡಾವಣೆಗೆ ಬಸ್ಸು ಬರುತ್ತಿದ್ದುದು ದಿನಕ್ಕೆ ಮೂರೇ ಸಲ. ಉಳಿದ ಹೊತ್ತಿನಲ್ಲಿ ಹೆದ್ದಾರಿವರೆಗೆ ನಡೆದು, ಷೇರ್ ಆಟೊದಲ್ಲಿ ತೂರಿಕೊಂಡು, ಮುಂದೆ ಇನ್ನೊಂದು ಬಸ್ಸು ಹಿಡಿಯಬೇಕು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಒಂಬತ್ತು ವರ್ಷದಿಂದ ಹೀಗೆಯೇ ಓಡಾಡುತ್ತಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಪಕ್ಕದ ಮನೆಯ ಕಂಡಕ್ಟರಮ್ಮನ ಫೋನು ಬಂತು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು ಅವರು.

"ನಿಮ್ಮಪ್ಪಂಗೆ ಉಸಿರಾಡೋಕಾಗ್ತಿಲ್ಲ. ಸಾಗಿಸೋ ಸ್ಥಿತೀಲಿಲ್ಲ ಅಂದ್ರು ಡಾಕ್ಟ್ರು. ನಿನ್ನನ್ನೇ ಕೇಳ್ತಿದಾರೆ, ಬೇಗ ಬಾ."

ಕೈಲಿದ್ದ ಬಟ್ಟೆ ಬಿಟ್ಟು ಓಡಿದಳು. ಬಸ್ಸು ಮೇಲ್ಸೇತುವೆಯ ಮೇಲೆ ಕಾರುಗಳ ನಡುವೆ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿತು. ಇಳಿದು ಓಡೋಣವೆಂದರೆ ಇನ್ನೂ ಹದಿನೆಂಟು ಕಿಲೋಮೀಟರು. ಹೆದ್ದಾರಿಯಲ್ಲಿ ಆಟೊದವನು ಸೀಟು ತುಂಬದೆ ಹೊರಡಲೊಲ್ಲ. ಮನೆ ಮುಟ್ಟಿದಾಗ ಆರು ಗಂಟೆ. ಅಪ್ಪ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಕೈ ಇನ್ನೂ ಬೆಚ್ಚಗಿತ್ತು.

ತಿಂಗಳು ಕಳೆದ ಮೇಲೆ ಕಂಡಕ್ಟರಮ್ಮ ಸಾರಿಗೆ ಇಲಾಖೆಯವರು ತುಂಬಿ ಕೊಡಲು ಹಂಚಿದ ಕೆಲವು ನಮೂನೆ ಹಿಡಿದು ಬಂದರು. ಸುತ್ತಲಿನ ಬಡಾವಣೆಗಳಿಂದ ನಗರಕ್ಕೆ ಬಸ್ಸಿಗೆಂದೇ ಪ್ರತ್ಯೇಕ ದಾರಿ ಮಾಡುತ್ತಾರಂತೆ. ಅದು ಎಲ್ಲಿ ಹಾಯಬೇಕೆಂದು ಜನರನ್ನು ಕೇಳಿದ್ದರು.

ವೆಲ್ಡಿಂಗ್ ಕೆಲಸ ಮಾಡುವ ಅವಳ ಗಂಡ ಅತ್ತ ನೋಡಲೂ ಇಲ್ಲ. "ಬಿಡಿ ಅಕ್ಕ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಅವರು ಎಲ್ಲೋ ಕೂತು ಗೆರೆ ಎಳೀತಾರೆ. ನಾವು ಬರೆದ್ರೆ ಯಾರು ಓದ್ತಾರೆ?"

"ನಾಲ್ಕು ವರ್ಷದ ಹಿಂದೆನೂ ನೀನು ಇದನ್ನೇ ಅಂದೆ ಕಣಪ್ಪ. ನಮ್ಮ ಬೀದಿಯಿಂದ ಒಬ್ಬರೂ ಬರೆದು ಕೊಡ್ಲಿಲ್ಲ. ಅವರು ಬಂದು ಸ್ಟಾಪಲ್ಲಿ ತಲೆ ಎಣಿಸಿದ್ರು. ಇರೋ ಮೂರು ಬಸ್ಸಿಗೆ ಎಷ್ಟು ಜನ ಹತ್ತೋಕಾಗುತ್ತೆ? ಆಟೊದಲ್ಲಿ ನೇತಾಡ್ಕೊಂಡು ಹೋಗೋರು ಲೆಕ್ಕಕ್ಕೇ ಬರ್ಲಿಲ್ಲ. ಇಲ್ಲಿ ಜನ ಕಮ್ಮಿ ಅಂತ ಬರ್ಕೊಂಡು ಮೊದಲ ದಾರೀನ ಆಚೆ ದಿಕ್ಕಿಗೆ ಹಾಕಿದ್ರು. ಅಲ್ಲಿಯವರು ಈಗ ನಲವತ್ತು ನಿಮಿಷಕ್ಕೆ ಮನೇಲಿರ್ತಾರೆ."

ನಲವತ್ತು ನಿಮಿಷ! ಅಂಥ ದಾರಿ ಇದ್ದಿದ್ದರೆ ಅಂದು ಮೂರಕ್ಕೆ ಹೊರಟವಳು ಅಪ್ಪನ ಪಕ್ಕದಲ್ಲಿ ಎರಡು ಗಂಟೆ ಕೂರಬಹುದಿತ್ತು. ಆಗ ಬಂದಿದ್ದ ನಮೂನೆಯನ್ನು ತಾನೇ ಅಕ್ಕಿ ಡಬ್ಬದ ತಳಕ್ಕೆ ಹಾಸಿದ್ದು ನೆನಪಾಗಿ ಅವಳು ಪೆನ್ನು ಹುಡುಕಿ ತಂದಳು.

"ಏನಂತ ಬರೀಲಿ ಅಕ್ಕ?"

"ಬಸ್ ಬೇಕು ಅಂತ ಗೋಳಾಡ್ಬೇಡ. ಎಷ್ಟೊತ್ತಿಗೆ ಹೊರಡ್ತೀಯ, ಎಲ್ಲಿ ಇಳಿದು ಏನು ಹತ್ತುತ್ತೀಯ, ಎಷ್ಟು ಕಾಯ್ತೀಯ, ಎಷ್ಟೊತ್ತಿಗೆ ಸೇರ್ತೀಯ, ಇದ್ದದ್ದು ಇದ್ದ ಹಾಗೆ ಬರಿ."

ಅವಳು ಬರೆಯುತ್ತಿದ್ದರೆ ಗಂಡ ಬಗ್ಗಿ ನೋಡಿದ. ಆಮೇಲೆ ಇನ್ನೊಂದು ನಮೂನೆ ಎಳೆದುಕೊಂಡು ತನ್ನ ದಾರಿಯನ್ನೂ ಬರೆದ. ಕೂಡಿಸಿ ನೋಡಿ ದಂಗಾದ.

"ದಿನಕ್ಕೆ ನಾಲ್ಕು ಗಂಟೆ ರೋಡಲ್ಲೇ ಹೋಗುತ್ತಲ್ಲೇ!"

ಆ ವಾರವೆಲ್ಲ ಮೂವರೂ ಮನೆ ಮನೆ ಅಲೆದರು. ಕೆಲವರು ಬಾಗಿಲಲ್ಲೇ ಸಾಗಹಾಕಿದರು. ಆದರೂ ನೂರಾ ಹನ್ನೆರಡು ನಮೂನೆ ತುಂಬಿದವು. ಶಾಲೆಯಲ್ಲಿ ನಡೆದ ಸಭೆಯಲ್ಲಿ ಅಧಿಕಾರಿ ಅವನ್ನು ಒಂದೊಂದಾಗಿ ತಿರುವಿ ಹಾಕಿದರು.

"ಇಷ್ಟು ಜನ ಓಡಾಡ್ತಾರೆ ಅಂತ ನಮ್ಮ ದಾಖಲೆಯಲ್ಲೇ ಇಲ್ಲಮ್ಮ."

"ಇದ್ವಿ ಸಾರ್," ಎಂದಳು ಅವಳು. "ಹೇಳಿರ್ಲಿಲ್ಲ ಅಷ್ಟೆ."

ಹೊಸ ನಕ್ಷೆಯಲ್ಲಿ ಈಗ ಆ ಬಡಾವಣೆಗೊಂದು ನಿಲ್ದಾಣವಿದೆ. ದಾರಿ ಆಗಲು ಇನ್ನೂ ಮೂರು ವರ್ಷ ಬೇಕು. ಅಲ್ಲಿಯವರೆಗೆ ಅದೇ ಆಟೊ, ಅದೇ ನೂಕುನುಗ್ಗಲು. ಮೇಲ್ಸೇತುವೆ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.

ನಿಮ್ಮ ಬೀದಿಗೂ ಇಂಥ ನಮೂನೆ ಬಂದೀತು. ಮೂಲೆಗೆಸೆಯಬೇಡಿ. ನಿಮ್ಮ ದಿನದ ಪ್ರಯಾಣವನ್ನು ಗಂಟೆ-ನಿಮಿಷದ ಸಮೇತ ಬರೆದು ಕೊಡಿ. ಸಭೆ ಕರೆದರೆ ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ. ಯೋಜನೆ ಕಾಗದದ ಮೇಲಿರುವಾಗಲೇ ಮಾತಾಡಿ. ರಸ್ತೆಯಾದ ಮೇಲೆ ಎಷ್ಟು ಅತ್ತರೂ ಅದು ನಿಮ್ಮ ಮನೆಯತ್ತ ತಿರುಗುವುದಿಲ್ಲ.