ಮುಟ್ಟದೆ ಬಿಟ್ಟ ನೀರು

ಹಸಿರು, ಗೋಡೆಯ ಮೇಲಿನ ನಕಾಶೆಯಲ್ಲಿ ತನ್ನ ಹಳ್ಳಿ ಎಷ್ಟು ಹಸಿರಾಗಿದೆ, ಕಾಯಿಲೆ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು, ನರ್ಸ್ ಪರಿಮಳಾ ಕಣ್ಣು ಕಿತ್ತು ಫ್ಯಾನಿನ ಕಡೆ ನೋಡಿದಳು, ಅದೂ ಗರಗರ ಅನ್ನುತ್ತ ಅವಳನ್ನೇ ಆಡಿಕೊಳ್ಳುತ್ತಿತ್ತು — ರೋಗದ ಹೆಸರು ನಮಗ ಬ್ಯಾಡ, ಜ್ವರ ಎಷ್ಟು, ಕೆಮ್ಮು ಎಷ್ಟು, ವಾಂತಿಭೇದಿ ಎಷ್ಟು, ಲಕ್ಷಣ ಕಂಡ ಕೂಡ್ಲೆ ಮೊಬೈಲ್‌ನ್ಯಾಗ ಹಾಕ್ರಿ, ಲ್ಯಾಬ್ ರಿಪೋರ್ಟ್ ಬರೂತನ ಕಾಯಬ್ಯಾಡ್ರಿ, ಶಹಾಪುರದ ಈ ಸಭೆಯಲ್ಲಿ ಅರುಣಕುಮಾರ ಡಾಕ್ಟರು ಮುಂಜಾನೆಯಿಂದ ಹೇಳುತ್ತಿರುವುದು ಇಷ್ಟೇ, ಸ್ಟೀಲಿನ ಗ್ಲಾಸು — ಬೇಡ, ಅದು ಈಗ ಬೇಡ — ಪರಿಮಳಾ ಸಿಸ್ಟರ್ ಹಳ್ಳಿ ನೋಡ್ರಿ, ಒಂದು ವಾರನೂ ರಿಪೋರ್ಟ್ ತಪ್ಪಿಲ್ಲ, ಎಷ್ಟು ಚೊಕ್ಕ ಅದ, ಅಂದರು ಡಾಕ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು, ತೊಡೆಯ ಮೇಲೆ ಮೊಬೈಲು ಗುಂಯ್ ಅಂದಿತು, ಊರಿನ ಆಶಾ ಕಾರ್ಯಕರ್ತೆ ರುಕ್ಸಾನಾ ಬರೆದಿದ್ದಾಳೆ, ಅಕ್ಕಾ, ಗೊಲ್ಲಾಳಮ್ಮನ ಮೊಮ್ಮಗಳ್ನ ಯಾದಗಿರಿಗೆ ಒಯ್ದಾರ, ಒಂದೇ ಸಮ ಭೇದಿ, ಕಣ್ಣು ಒಳಗ ಹೋಗ್ಯಾವ, ಸಲಾಯಿನ್ ಹಚ್ಚಾಕ ನರ ಸಿಗವಲ್ದು, ಓಣ್ಯಾಗ ಇನ್ನೂ ಭಾಳ ಮಂದಿ ಮಲಗ್ಯಾರ.

ಚೊಕ್ಕ, ಹೌದು, ಸೊನ್ನೆಗಿಂತ ಚೊಕ್ಕ ಏನಿದೆ, ಹೋದ ವರ್ಷ ಭೇದಿ ಅಂತ ನಾಲ್ಕಾರು ಜನರನ್ನು ಮೊಬೈಲಿನಲ್ಲಿ ಹಾಕಿದ್ದಕ್ಕೆ ಊರಿಗೆ ಇಲಾಖೆಯ ಜೀಪು ಬಂತು, ಪಂಚಾಯ್ತಿಯವರು ಮುಖ ಸಿಂಡರಿಸಿದರು, ಕಡೆಗೆ ನೋಟೀಸು ಬಂದದ್ದು ಅವಳಿಗೇ, ಇಷ್ಟ್ ಆಗೂತನ ಏನ್ ಮಾಡಾಕತ್ತಿದ್ರಿ ಅಂತ, ಅಂದಿನಿಂದ ಅವಳ ಹಳ್ಳಿಯಲ್ಲಿ ಸಲಾಯಿನ್ ಹತ್ತುವ ತನಕ ಯಾವ ಭೇದಿಯೂ ಭೇದಿಯಲ್ಲ, ಬಿಸಿಲಿಗೆ ಹೊಟ್ಟೆ ಕೆಟ್ಟದ್ದು, ಅಷ್ಟೇ — ಅಕ್ಕಾ, ಹೊಟ್ಟಿ ಕೆಟ್ಟವ್ರು ಹೆಚ್ಚಾಗಾಕತ್ತಾರ, ಹಾಕಿಬಿಡೂಣ, ಹೋದ ವಾರವೇ ರುಕ್ಸಾನಾ ಬಡಕೊಂಡಿದ್ದಳು, ತಡಿಯವ್ವ ನೋಡೂಣ ಅಂದವಳು ತಾನು, ನೋಡಲು ಹೋದದ್ದೂ ಹೌದು, ಬಾಗಿಲಲ್ಲೇ ಗೊಲ್ಲಾಳಮ್ಮ, ಬರ್ರಿ ಸಿಸ್ಟರಮ್ಮ, ಬಿಸಲಾಗ ಬಂದೀರಿ, ಮೊದಲು ನೀರು ಕುಡೀರಿ, ಗ್ಲಾಸು ತುಂಬಿ ತುಳುಕುತ್ತಿತ್ತು, ಹೊರಗೆ ನಳದ ಪೈಪು ಗಟಾರದಲ್ಲಿ ಮುಳುಗಿಕೊಂಡಿತ್ತು, ಕುಡಿದಂತೆ ಮಾಡಿ ಕೆಳಗಿಟ್ಟಳು, ಮನೆಗೆ ಬಂದವರು ನೀರು ಮುಟ್ಟದೆ ಹೋದರೆ ಮುದುಕಿ ನೊಂದಾಳು ಅಂತ, ಎಂಥ ಕಾಳಜಿ, ಬ್ಯಾಗಿನಲ್ಲಿ ತನ್ನ ಬಾಟಲಿ ತನಗೆ ಇದ್ದೇ ಇತ್ತಲ್ಲ, ಥೂ, ನೀರು ಕೆಟ್ಟದ್ದು ಗೊತ್ತಿತ್ತು, ತುಟಿಗೂ ಗೊತ್ತಿತ್ತು, ಹೇಳಿದರೆ ಮೊಬೈಲಿನಲ್ಲಿ ಹಾಕಬೇಕಾಗುತ್ತದೆ, ಹಾಕಿದರೆ ಮತ್ತೆ ಜೀಪು, ಮತ್ತೆ ನೋಟೀಸು, ಎದ್ದು ಚಪ್ಪಲಿ ಮೆಟ್ಟುವಾಗ ಬೆನ್ನ ಹಿಂದೆ ಗೊಲ್ಲಾಳಮ್ಮ, ಚೆಲ್ಲಬ್ಯಾಡವ್ವ, ಸಿಸ್ಟರಮ್ಮ ಕುಡುದು ಬಿಟ್ಟಾರ, ನೀ ಕುಡಿ, ತಿರುಗಿ ನೋಡಿದಳು, ಮೊಮ್ಮಗಳು ಎರಡೂ ಕೈಯಲ್ಲಿ ಗ್ಲಾಸು ಹಿಡಿದಿದ್ದಳು, ಆಗಲೂ ಬಾಯಿ ಬಿಡಲಿಲ್ಲ, ಸಂಜೆ ಸೊನ್ನೆ ಒತ್ತಿ ಅಡಿಗೆಗೆ ಇಟ್ಟಳು.

ಸಿಸ್ಟರ್, ನೀವು ಹ್ಯಾಂಗ ಮಾಡ್ತೀರಿ ಎಲ್ಲಾರ್ಗೂ ಹೇಳ್ರಿ, ಡಾಕ್ಟರು ಮೈಕು ಚಾಚುತ್ತಿದ್ದಾರೆ, ಎದ್ದು ಮೈಕು ಹಿಡಿದಳು, ಯಾರೋ ಸೀಲು ಒಡೆಯದ ಬಾಟಲಿ ಮುಂದೆ ಹಿಡಿದರು, ಕುಡೀರಿ, ಗಂಟಲು ಒಣಗಿರಬೇಕು, ನೀರು ತಿಳಿಯಾಗಿದೆ, ಆ ನೀರೂ ನೋಡಲು ತಿಳಿಯಾಗಿಯೇ ಇತ್ತು, ಈ ನಾಚಿಕೆಯನ್ನು ಎಲ್ಲಿಟ್ಟುಕೊಳ್ಳಲಿ — ಸರ್, ನಾ ಆ ನೀರು ಕುಡೀಲಿಲ್ರಿ, ತನ್ನದೇ ದನಿ ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು, ಯಾವ ನೀರ್ರಿ ಸಿಸ್ಟರ್, ಡಾಕ್ಟರು ಇನ್ನೂ ನಗುತ್ತಲೇ ಇದ್ದಾರೆ, ಯಾವ ನೀರು, ಹುಡುಗಿ ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ತಳ ಮೇಲೆ ಮಾಡಿ, ಗಟಗಟ, ಮುಖವೇ ಕಾಣದಂತೆ, ಗಟಗಟ